ಟಿಕೆಟ್ ಇದ್ದ ಆಡು

ನಮ್ಮ ಮನೆಯ ಈ ಸಲದ ಬೊಂಬೆ ಹಬ್ಬವನ್ನು ಒಂದು ಮಣ್ಣಿನ ಆಡು ತಿಂದುಹಾಕಿತು. ಹಬ್ಬ ಮುಗಿದು, ಪಟ್ಟದ ಗೊಂಬೆಗಳೆಲ್ಲ ಅತ್ತೆಯವರ ಹಳೆಯ ಸೀರೆ ತುಂಡುಗಳನ್ನು ಸುತ್ತಿಕೊಂಡು ಬೇಸ್‌ಮೆಂಟಿಗೆ ಇಳಿದಾಯಿತು. ಆದರೂ ಕೋಸಂಬರಿಗೆಂದು ಸೌತೆಕಾಯಿ ಹೆಚ್ಚಲು ನಿಂತರೆ ನಗು ಬರುತ್ತದೆ. ನಗು ನಿಂತರೆ ಸಿಟ್ಟು ಬರುತ್ತದೆ.

ನಾವಿರುವುದು ಶಿಕಾಗೋದ ಪಶ್ಚಿಮಕ್ಕೆ, ಅರೋರಾದ ಬಾಲಾಜಿ ದೇವಸ್ಥಾನದ ಹತ್ತಿರ. ಟಾಯ್ಲೆಟ್ ಪೇಪರಿನ ಪೆಟ್ಟಿಗೆಗಳ ಮೇಲೆ ಐಕಿಯಾ ಹಲಗೆ ಇಟ್ಟು ಮೆಟ್ಟಿಲು ಕಟ್ಟುತ್ತೇವೆ. ಮೇಲೊಂದು ಬಿಳಿ ಪಂಚೆ ಹೊದಿಸಿದರೆ ದೇವಿಗೆ ಗೊತ್ತಾಗುವುದಿಲ್ಲ ಎಂದು ಅತ್ತೆ ಅಭಯ ಕೊಟ್ಟಿದ್ದಾರೆ. ಕಾಲೇಜಿನಿಂದ ಶನಿವಾರಕ್ಕೆಂದು ಬಂದಿದ್ದ ಮಗ ಪುಟ್ಟು (ಆರಡಿ ಎರಡಂಗುಲ, ಹೆಸರು ಮಾತ್ರ ಬೆಳೆದಿಲ್ಲ) ಶಿಕಾಗೋದ ಬೇಸ್‌ಬಾಲ್ ತಂಡ ಕಬ್ಸ್‌ನ ಹಿಂದಿನ ಆಟಗಾರ ಆಂಥೊನಿ ರಿಝೋನ ತಲೆಯಾಡಿಸುವ ಗೊಂಬೆಯನ್ನು ತಂದು ಐದನೇ ಮೆಟ್ಟಿಲಿನಲ್ಲಿ ನಿಲ್ಲಿಸಿದ. ಮನೆಯಲ್ಲಿ ಯುದ್ಧವಾದರೆ ಇದಕ್ಕೇ ಆಗುತ್ತದೆ ಎಂದು ನಾನು ಕಾದೆ. ಅತ್ತೆ ಕನ್ನಡಕ ಏರಿಸಿ ನೋಡಿ, "ತಂಜಾವೂರು ಗೊಂಬೆನೂ ಹೀಗೇ ತಲೆ ಅಲ್ಲಾಡಿಸುತ್ತೆ, ಇರಲಿ ಬಿಡು" ಎಂದು ರಿಝೋನ ಹಣೆಗೆ ಕುಂಕುಮ ಇಟ್ಟರು. ಅವನೂ ಸಂತೋಷದಿಂದ ತಲೆಯಾಡಿಸಿದ.

ಯುದ್ಧ ಬಂದದ್ದು ಆಮೇಲೆ. ಅತ್ತೆ ಕೆಳಗಿನ ಮೆಟ್ಟಿಲಿನಲ್ಲಿ ಹಳ್ಳಿ ಕಟ್ಟಿದರು. ಬಾವಿ, ಸಂತೆ, ಶೆಟ್ಟಿ ಅಂಗಡಿ, ಹಸು ಕರು ಎಲ್ಲ ಕೂತ ಮೇಲೆ ಆಡಿಗೆ ಜಾಗ ಸಾಲಲಿಲ್ಲ. ಅದನ್ನು ಎತ್ತಿ ರಿಝೋನ ಪಕ್ಕಕ್ಕೆ ಇಟ್ಟರು. ಚಕ್ಕುಲಿ ಕಡಿಯುತ್ತ ಬಂದ ಪುಟ್ಟು ಅದನ್ನು ಕಂಡವನೇ ಬಾಯಲ್ಲಿದ್ದ ಚಕ್ಕುಲಿ ನುಂಗಲೂ ಆಗದೆ ಉಗುಳಲೂ ಆಗದೆ ಕಿರುಚಿದ.

"ಅಜ್ಜೀ! ಕಬ್ಸ್ ಪಕ್ಕ ಆಡು ಇಟ್ಟಿದ್ದೀಯಾ? ಈ ವಾರ ಪ್ಲೇಆಫ್ ಶುರು!"

"ಕಚ್ಚಲ್ಲ ಕಣೋ, ಮಣ್ಣಿಂದು."

ಶಿಕಾಗೋದಲ್ಲಿ ಮಕ್ಕಳನ್ನು ಸಾಕಿದವರಿಗೆ ಆಡಿನ ಕಥೆ ಹೇಳಬೇಕಿಲ್ಲ. ಅತ್ತೆಗೆ ಹೇಳಬೇಕಾಯಿತು. 1945ರ ಅಕ್ಟೋಬರ್ 6, ರಿಗ್ಲಿ ಫೀಲ್ಡಿನಲ್ಲಿ ವರ್ಲ್ಡ್ ಸೀರೀಸಿನ ನಾಲ್ಕನೇ ಪಂದ್ಯ. ಬಿಲ್ಲಿ ಸಿಯಾನಿಸ್ ಎಂಬ ಗ್ರೀಕ್ ಮೂಲದ ಹೆಂಡದಂಗಡಿಯ ಮಾಲೀಕ ಮರ್ಫಿ ಎಂಬ ತನ್ನ ಆಡಿನೊಂದಿಗೆ ಬಂದ; ಆಡಿಗೂ ಟಿಕೆಟ್ ಇತ್ತಂತೆ. ವಾಸನೆ ಎಂದು ಹೊರಗೆ ಹಾಕಿದರು. ಅವನು ಶಾಪ ಹಾಕಿದ. ಅಂದು ಡೆಟ್ರಾಯಿಟ್ ವಿರುದ್ಧ ಕಬ್ಸ್ 4–1ರಿಂದ ಸೋತಿತು, ಸರಣಿಯನ್ನೂ ಸೋತಿತು. ಆಮೇಲೆ 71 ವರ್ಷ ವರ್ಲ್ಡ್ ಸೀರೀಸಿನ ಮುಖ ನೋಡಲಿಲ್ಲ.

ಪುಟ್ಟು ಇದನ್ನೆಲ್ಲ ಹೇಳಿದ್ದು ಅಜ್ಜಿ ಹೆದರಿ ಆಡು ತೆಗೆಯಲಿ ಎಂದು. ಅತ್ತೆ ಹೆದರುವ ಪೈಕಿಯಲ್ಲ. "ಟಿಕೆಟ್ ಇದ್ದ ಮೇಲೆ ಯಾಕೋ ಹೊರಗೆ ಹಾಕಿದ್ರು?" ಎಂದು ಆಡಿನ ವಕಾಲತ್ತು ವಹಿಸಿದರು. ನಮ್ಮವರು ಸುಮ್ಮನಿರದೆ ಫೋನಿನ ಪಂಚಾಂಗದಲ್ಲಿ 1945ಕ್ಕೆ ಹೋದರು. ಅಕ್ಟೋಬರ್ 6: ಅಮಾವಾಸ್ಯೆ. ಅದೂ ಮಹಾಲಯದ್ದು!

ಅತ್ತೆ ಎರಡೂ ಕೆನ್ನೆ ಬಡಿದುಕೊಂಡರು. "ಪಿತೃಪಕ್ಷದಲ್ಲಿ ಬಾಗಿಲಿಗೆ ಬಂದಿದ್ದನ್ನ ಅಟ್ಟಿದ್ರೇ? ಯಾರ ಮನೆ ಹಿರಿಯರು ಯಾವ ರೂಪದಲ್ಲಿ ಆಟ ನೋಡಕ್ಕೆ ಬಂದಿದ್ರೋ! ಗ್ರೀಕರಿಗೆ ಹಿರಿಯರು ಇರಲ್ವೇ?"

ಪುಟ್ಟು ಫೋನು ಕಸಿದುಕೊಂಡು ಊರು ಬದಲಿಸಿದ. ಮೈಸೂರು ತೆಗೆದು ಶಿಕಾಗೋ ಹಾಕಿದರೆ ಅಮಾವಾಸ್ಯೆ ಹಿಂದಿನ ರಾತ್ರಿಯೇ ಮುಗಿದಿದೆ. ಪಂದ್ಯದ ದಿನ ಪಾಡ್ಯ, ನವರಾತ್ರಿಯ ಮೊದಲನೇ ದಿನ. ಹಬ್ಬವನ್ನು ಊರಿನ ಲೆಕ್ಕದಲ್ಲಿ ಮಾಡಬೇಕೋ ಇಲ್ಲಿನ ಲೆಕ್ಕದಲ್ಲೋ ಎಂದು ಹೊರನಾಡಿನಲ್ಲಿ ಮುರಿದಿರುವ ಸ್ನೇಹಗಳಿಗೆ ಲೆಕ್ಕವಿಲ್ಲ. ನಮ್ಮ ಮನೆಯಲ್ಲಿ ಒಂದು ಆಡು 1945ರಲ್ಲಿ ಯಾವ ಪಂಚಾಂಗ ಪಾಲಿಸುತ್ತಿತ್ತು ಎಂಬ ಬಗ್ಗೆ ರಾತ್ರಿ ಊಟದ ತನಕ ಚರ್ಚೆ ನಡೆಯಿತು. ಹುಳಿ ಆರಿತು, ಬಿಸಿ ಮಾಡಿದೆ, ಮತ್ತೆ ಆರಿತು.

"ಪಾಡ್ಯ ಆದ್ರೆ ಇನ್ನೂ ಒಳ್ಳೇದು," ಅತ್ತೆ ತೀರ್ಪು ಕೊಟ್ಟರು. "ನವರಾತ್ರಿಗೆ ಬಂದ ಅತಿಥಿ. ಆಡು ಎಲ್ಲಿದೆಯೋ ಅಲ್ಲೇ ಇರುತ್ತೆ."

ರಾಜಿ ಸಂಧಾನಕ್ಕೆ ನಾನು ನಿಂತೆ. ಆಡನ್ನು ಗೋಡೆ ಕಡೆಗೆ ತಿರುಗಿಸೋಣ ಎಂದೆ. ಹಾಗೆ ಮಾಡಿದರೆ ಬಾಲ ಸರಿಯಾಗಿ ರಾಮ ಪಟ್ಟಾಭಿಷೇಕದ ಕಡೆಗೆ ಬರುತ್ತಿತ್ತು. ಮೆಟ್ಟಿಲುಗಳ ಕೆಳಗೆ ಮಾಡಿದ್ದ ಪಾರ್ಕಿಗೆ ಕಳಿಸೋಣ ಎಂದೆ. ಅಲ್ಲಿ ಪ್ಲಾಸ್ಟಿಕ್ ಡೈನೋಸಾರು ಇದೆ, ಆಡು ಹೆದರಿಕೊಳ್ಳುತ್ತೆ ಎಂದರು ಅತ್ತೆ. ನಮ್ಮವರು ಆಫೀಸಿನ ಮೀಟಿಂಗಿನ ಗತ್ತಿನಲ್ಲಿ, ಮೂಲ ಸಮಸ್ಯೆ ಟಿಕೆಟ್ಟಿನದು, ಆದ್ದರಿಂದ ಈ ಆಡಿಗೆ ಟಿಕೆಟ್ ಕೊಡೋಣ ಎಂದರು. ಕೊಟ್ಟೂಬಿಟ್ಟರು. ಬೆರಳಗಲದ ಟಿಕೆಟ್, ಸೆಕ್ಷನ್ ಐದು, ಕತ್ತಿಗೆ ಮೌಳಿ ದಾರದಲ್ಲಿ ಕಟ್ಟಿದ್ದು. ಸಾಫ್ಟ್‌ವೇರ್ ಆರ್ಕಿಟೆಕ್ಟ್ ಎಂದು ಸಂಬಳ ತೆಗೆದುಕೊಳ್ಳುವವರು ರಾತ್ರಿ ಹನ್ನೊಂದಕ್ಕೆ ಪ್ರಿಂಟರಿನ ಮುಂದೆ ಕೂತು ಆಡಿನ ಟಿಕೆಟ್ಟಿಗೆ ಬಾರ್‌ಕೋಡ್ ಹಾಕುತ್ತಿದ್ದುದನ್ನು ನಾನು ಈ ಕಣ್ಣಾರೆ ನೋಡಿದೆ.

ಅದೇ ರಾತ್ರಿ ಆಡು ಕಾಣೆಯಾಯಿತು. ಬೆಳಗ್ಗೆ ಅತ್ತೆ ಅಕ್ಕಿ ಡಬ್ಬಿಯಲ್ಲಿ, ಕಾಲುಚೀಲದೊಳಗೆ, ಕೊಂಬು ಮಾತ್ರ ಹೊರಗಿದ್ದ ಸ್ಥಿತಿಯಲ್ಲಿ ಅದನ್ನು ಪತ್ತೆಮಾಡಿದರು. ಒಗೆದ ಕಾಲುಚೀಲ ಎಂದು ಪುಟ್ಟು ಆಣೆ ಮಾಡಿದ. ಅಕ್ಕಿಯನ್ನು ಅಳಿಲುಗಳಿಗೆ ಹಾಕಿದೆವು.

ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಲ್ಲಿ ಎರಡು ಪಕ್ಷವಾಯಿತು. ಕನ್ನಡ ಕೂಟದಲ್ಲಿ ನನಗೆ ಪರಿಚಯದ ಒಬ್ಬರ ಮನೆಯವರು ಊರಿನ ದಕ್ಷಿಣ ಭಾಗದ ಇನ್ನೊಂದು ತಂಡ ವೈಟ್ ಸಾಕ್ಸಿನ ಭಕ್ತರು. ಆಕೆ ಆಡನ್ನು ನೋಡಿ, ನಮ್ಮ ಮನೇಲಿ ಇನ್ನೂ ಎರಡಿದೆ, ಕಳಿಸಲಾ ಎಂದರು. 2005ರಲ್ಲಿ ವೈಟ್ ಸಾಕ್ಸ್ ವರ್ಲ್ಡ್ ಸೀರೀಸ್ ಗೆದ್ದದ್ದು ಈ ಊರಿನಲ್ಲಿ ಯಾರಿಗೂ ನೆನಪಿಲ್ಲ ಎಂಬ ದುಃಖ ಆ ಮನೆಯಲ್ಲಿ ಇನ್ನೂ ಹಸಿಯಾಗಿದೆ. ಅದನ್ನು ಅವರು ಪ್ರತಿ ಹಬ್ಬಕ್ಕೂ ತಾಂಬೂಲದ ಜೊತೆ ಹಂಚುತ್ತಾರೆ.

2005 ಎಂದ ಕೂಡಲೇ ಪುಟ್ಟುವಿಗೆ 2003 ನೆನಪಾಯಿತು. ಹುಟ್ಟುವುದಕ್ಕೂ ಮುಂಚಿನದು, ಆದರೂ ಅಪ್ಪನ ಮದುವೆಗಿಂತ ಅವನಿಗೆ ಅದು ಚೆನ್ನಾಗಿ ಗೊತ್ತು. ಅಕ್ಟೋಬರ್ 14. ಕಬ್ಸ್ 3–0 ಮುಂದೆ, ವರ್ಲ್ಡ್ ಸೀರೀಸಿಗೆ ಇನ್ನು ಐದೇ ಔಟ್. ಗ್ಯಾಲರಿಯತ್ತ ಹಾರಿ ಬಂದ ಚೆಂಡಿಗೆ ಕಬ್ಸ್‌ನ ಮೊಯಿಸೆಸ್ ಅಲೂ ಎಗರಿದ. ಹೆಡ್‌ಫೋನು ಹಾಕಿಕೊಂಡು ಕೂತಿದ್ದ ಒಬ್ಬ ಹುಡುಗನೂ ಸುತ್ತಲಿನ ಎಷ್ಟೋ ಜನರ ಹಾಗೆ ಕೈ ಚಾಚಿದ. ಚೆಂಡು ಹುಡುಗನ ಕೈಗೆ ತಗುಲಿ ಕ್ಯಾಚ್ ತಪ್ಪಿತು. ಅದೇ ಇನ್ನಿಂಗ್ಸಿನಲ್ಲಿ ಫ್ಲಾರಿಡಾದವರು ಎಂಟು ರನ್ ಹೊಡೆದರು. ಆ ಹುಡುಗನನ್ನು ಭದ್ರತಾ ಸಿಬ್ಬಂದಿಯ ಕಾವಲಿನಲ್ಲಿ ಹೊರಗೆ ಕರೆದೊಯ್ಯಬೇಕಾಯಿತು.

"ಎಷ್ಟೋ ಜನ ಕೈ ಚಾಚಿದ್ರು ಅಂತೀಯ. ಸಿಕ್ಕಿದ್ದು ಇವನ ಕೈಗೆ, ಅಷ್ಟೇ ತಾನೇ," ಎಂದ ಅತ್ತೆ ಹೂವು ಕಟ್ಟುವುದನ್ನು ನಿಲ್ಲಿಸಿದರು. "ಅವನ ತಾಯಿ ಅವತ್ತು ರಾತ್ರಿ ಊಟ ಮಾಡಿದಳೋ ಇಲ್ಲವೋ." ಇಪ್ಪತ್ತು ವರ್ಷದಿಂದ ಈ ಕಥೆ ಕೇಳುತ್ತಿದ್ದೇನೆ, ಆ ತಾಯಿಯ ಊಟ ನನಗೆ ಹೊಳೆದೇ ಇರಲಿಲ್ಲ. 2016ರಲ್ಲಿ ಗೆದ್ದ ಮೇಲೆ ತಂಡದವರು ಅವನಿಗೂ ಚಾಂಪಿಯನ್ ಉಂಗುರ ಕೊಟ್ಟರು ಎಂದು ಪುಟ್ಟು ಹೇಳಿದ್ದಕ್ಕೆ, "ಉಂಗುರ ಕೊಟ್ರೆ ಆಯ್ತೇ? ಕರೆದು ಊಟ ಹಾಕಬೇಕಿತ್ತು" ಎಂದರು.

ಆ ಚೆಂಡಿನ ಗತಿಯೂ ಕೇಳುವಂಥದ್ದು. ನಗರದ ರೆಸ್ಟೋರೆಂಟಿನವರೊಬ್ಬರು ಅದನ್ನು ಹರಾಜಿನಲ್ಲಿ 1,13,000 ಡಾಲರಿಗೂ ಹೆಚ್ಚು ಕೊಟ್ಟು ಕೊಂಡು, 2004ರಲ್ಲಿ ಜನ ಸೇರಿಸಿ ಸಿಡಿಸಿದರು. ಮರುವರ್ಷ ಉಳಿದ ಚೂರುಗಳನ್ನು ಕುದಿಸಿ, ಆವಿ ಇಳಿಸಿ, ಆ ನೀರನ್ನು ಪಾಸ್ತಾ ಸಾಸಿಗೆ ಬೆರೆಸಿ ಬಡಿಸಿದರು. ಇದು ನಿಜ.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿಕೊಂಡು ಬಂದ ಮನೆತನಕ್ಕೆ ಇದನ್ನು ಜೀರ್ಣಿಸಿಕೊಳ್ಳಲು ಸಮಯ ಬೇಕು. "ದೃಷ್ಟಿ ತೆಗೆದಿದ್ದನ್ನ ಯಾರಾದ್ರೂ ಸಾರು ಮಾಡಿ ತಿಂತಾರೇನೋ?" ಎಂದರು ಕೊನೆಗೆ. "ಯಾವ ವರ್ಷ ಅಂದೆ?"

"2005."

"ವೈಟ್ ಸಾಕ್ಸ್ ಗೆದ್ದಿದ್ದು?"

ಪುಟ್ಟು ಗಕ್ಕನೆ ನಿಂತ. ವೈಟ್ ಸಾಕ್ಸ್ ಆಂಟಿಯ ಮುಖ ಅರಳಿತು, ಮರುಕ್ಷಣ ಬಾಡಿತು. 88 ವರ್ಷ ಕಾದು ಗೆದ್ದ ಗೆಲುವು ಕೂಡ ಪಕ್ಕದ ಮನೆಯವರ ಸಾರಿನ ಪುಣ್ಯ ಎಂದು ತೀರ್ಮಾನವಾಗಿತ್ತು.

ಇನ್ನು 2016. ಅದರ ಪೂರ್ತಿ ಶ್ರೇಯಸ್ಸು ತಮ್ಮದೆಂದು ಅತ್ತೆ ಆಗಿನಿಂದಲೂ ನಂಬಿದ್ದಾರೆ. ಆಗ ಪುಟ್ಟು ಐದನೇ ಕ್ಲಾಸು. ದೀಪಾವಳಿ ಸಾಲಿನಲ್ಲೇ ವರ್ಲ್ಡ್ ಸೀರೀಸ್. ಅಕ್ಟೋಬರ್ 29ಕ್ಕೆ ಕಬ್ಸ್ 3–1 ಹಿಂದೆ. ನವೆಂಬರ್ 2ರಂದು ಏಳನೇ ಪಂದ್ಯ, ಕ್ಲೀವ್‌ಲ್ಯಾಂಡಿನಲ್ಲಿ. ಎಂಟನೇ ಇನ್ನಿಂಗ್ಸಿನಲ್ಲಿ ಎದುರಾಳಿ ತಂಡದ ರಜಾಯ್ ಡೇವಿಸ್ ನಮ್ಮ ಚಾಪ್‌ಮನ್ನನ ಚೆಂಡನ್ನು ಆಚೆ ಹೊಡೆದು 6–6 ಮಾಡಿದಾಗ ಪುಟ್ಟು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿ ಅತ್ತ. ಒಂಬತ್ತು ಮುಗಿದದ್ದೇ ಮಳೆ. ಹೋಗಿ ಮಲಗು, ಬೆಳಗ್ಗೆ ಸ್ಕೂಲು ಎಂದು ನಮ್ಮವರು ಗದರಿದರು. ಅತ್ತೆ ಮೊಮ್ಮಗನನ್ನು ಬಿಟ್ಟುಕೊಡಲಿಲ್ಲ. ಕಬ್ಸ್ ಹಿಂದೆ ಗೆದ್ದದ್ದು 1908ರಲ್ಲಿ, 108 ವರ್ಷದ ಕೆಳಗೆ ಎಂದು ಟಿವಿಯವನು ಹೇಳಿದ್ದೇ ತಡ, ದೀಪ ಹಚ್ಚಿ ಲಕ್ಷ್ಮಿ ಅಷ್ಟೋತ್ತರಕ್ಕೆ ಕೂತರು. ವರ್ಷಕ್ಕೊಂದು ನಾಮ. ಮಳೆ ಬಿಡಲು 17 ನಿಮಿಷ ಬೇಕಾಯಿತು. ಮಂಗಳಾರತಿಗೂ ಸಮಯ ಸಿಕ್ಕಿತು. ಹತ್ತನೇ ಇನ್ನಿಂಗ್ಸಿನಲ್ಲಿ ಕಬ್ಸ್‌ನ ಝೋಬ್ರಿಸ್ಟ್ ಹೊಡೆದ, ಕೊನೆಗೆ 8–7. ಕೊನೆಯ ಚೆಂಡನ್ನು ಬ್ರಯಂಟ್ ಜಾರುತ್ತ ನಗುತ್ತ ಎಸೆದ, ರಿಝೋ ಹಿಡಿದು ಜೇಬಿಗೆ ಇಳಿಸಿದ. ಚೆಂಡಿಗೆ ಹಾಕುವ ಜೋಡಿ ಹೊಲಿಗೆಯೂ 108 ಎಂದು ಆಮೇಲೆ ಗೊತ್ತಾದಾಗ ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ.

ಮಳೆಯ ಹೊತ್ತಿನಲ್ಲಿ ಜೇಸನ್ ಹೇವರ್ಡ್ ಆಟಗಾರರನ್ನು ಕೋಣೆಯೊಂದಕ್ಕೆ ಕರೆದು ಧೈರ್ಯ ತುಂಬಿದ್ದೇ ತಂಡವನ್ನು ಎಬ್ಬಿಸಿತು ಎಂದು ಊರೆಲ್ಲ ಹೇಳುತ್ತದೆ. ಹೇವರ್ಡನ ಆಗಿನ ಒಪ್ಪಂದ ಎಂಟು ವರ್ಷಕ್ಕೆ 18.4 ಕೋಟಿ ಡಾಲರ್. ಅತ್ತೆಗೆ ನಾವು ಕೊಟ್ಟದ್ದು ಒಂದು ಲೋಟ ಹಾರ್ಲಿಕ್ಸ್.

ಈ ವರ್ಷ, 2025ರ ವಿಜಯದಶಮಿಯಂದು, ಆಡು ರಿಝೋನ ಪಕ್ಕದಲ್ಲಿರುವಾಗಲೇ ಕಬ್ಸ್ ಸ್ಯಾನ್ ಡಿಯೇಗೋವನ್ನು ಮಣಿಸಿತು. ಗೊಂಬೆಗಳನ್ನು ಸುತ್ತಿಟ್ಟ ಮೇಲೆ ಮಿಲ್ವಾಕಿಗೆ ಸೋತಿತು. ಇದರ ಬಗ್ಗೆ ಅತ್ತೆ ಏನೆಂದರು ಎಂದು ಬರೆಯಬೇಕಿಲ್ಲ.

ಸೋತ ರಾತ್ರಿ ಪುಟ್ಟು ಫೋನಿನಲ್ಲಿ ಕುಗ್ಗಿದ ದನಿಯಲ್ಲಿದ್ದ. ಸಮಾಧಾನ ಮಾಡಲೆಂದು ನಮ್ಮವರು ತಮ್ಮ 1996 ತೆಗೆದರು. ಟೈಟನ್ ಕಪ್, ಅಕ್ಟೋಬರ್ 21, ಚಿನ್ನಸ್ವಾಮಿ ಸ್ಟೇಡಿಯಂ, ಆಸ್ಟ್ರೇಲಿಯಾ. ಗೆಲ್ಲಲು 216. ಅಜರುದ್ದೀನ್‌ಗೆ ಎಲ್‌ಬಿ ಕೊಟ್ಟದ್ದಕ್ಕೆ ಜನ ರೇಗಿ ಆಟ ನಿಂತದ್ದು, ಸಚಿನ್ 88ಕ್ಕೆ ಔಟಾಗಿ 164ಕ್ಕೆ ಎಂಟು ಬಿದ್ದದ್ದು, ಆಮೇಲೆ ನಮ್ಮ ಶ್ರೀನಾಥ್ ಮತ್ತು ಕುಂಬ್ಳೆ 52 ಸೇರಿಸಿ ಗೆಲ್ಲಿಸಿದ್ದು. ಮದುವೆಯಾದ ಹೊಸದರಲ್ಲಿ ಹೇಳುವಾಗ ಇವರು ಇದನ್ನು ಸ್ಟೇಡಿಯಮ್ಮಿನ ದೂರದ ಗ್ಯಾಲರಿಯಿಂದ ನೋಡಿದ್ದರು. ವರ್ಷ ಕಳೆದಂತೆ ಸೀಟು ಮುಂದೆ ಮುಂದೆ ಬಂದಿದೆ. ಈಗ ಶ್ರೀನಾಥ್ ಕೈಗವಸು ಸರಿಮಾಡಿಕೊಂಡ ಸದ್ದೂ ಕೇಳಿಸುತ್ತದೆ. ಈ ಕಥೆಯಲ್ಲಿ ನಾನು ಮಗ್ಗಲು ಬದಲಿಸಿ ಮಲಗುವ ಜಾಗ ಯಾವುದೆಂದು ನನಗೆ ಗೊತ್ತು.

"ಯಾವ ಸ್ಟೇಡಿಯಮ್ಮೋ?" ಅತ್ತೆ ಅವರೆಕಾಯಿ ಬಿಡಿಸುತ್ತ ಕೇಳಿದರು. "ದಸರೆಗೆ ಮೈಸೂರಿಗೆ ಬಂದಿದ್ದೆಯಲ್ಲೋ ನೀನು. ಸಚಿನ್ ಔಟ್ ಆಗಿದ್ದೇ ಟಿವಿ ಆರಿಸಿ, ರೂಮಿಗೆ ಹೋಗಿ ಮುಸುಕು ಹಾಕ್ಕೊಂಡೆ. ನಾನು ಪಕ್ಕದ ಮನೆಗೆ ಹೋಗಿ ಪೂರ್ತಿ ನೋಡಿದೆ."

ಫೋನಿನ ಆ ಕಡೆಯಿಂದ ಪುಟ್ಟು, "ಡ್ಯಾಡ್?" ಎಂದ. ಅವನ ದನಿಗೆ ಜೀವ ಬಂದಿತ್ತು. ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ಇಷ್ಟು ವರ್ಷ ಓವರ್ ಓವರಾಗಿ ಕೇಳಿದ್ದೇನೆ, ನಡುನಡುವೆ ಹೂಂಗುಟ್ಟಿದ್ದೇನೆ, ನೆಂಟರ ಮುಂದೆ ಒತ್ತಾಸೆಯಾಗಿ ನಿಂತಿದ್ದೇನೆ!

"ಹೈಲೈಟ್ಸ್ ನೋಡಿದೀನಿ," ಎಂದರು ನಮ್ಮವರು.

"ಹೈಲೈಟ್ಸಲ್ಲಿ ಏನು ತೋರಿಸ್ತಾರೆ? ಶ್ರೀನಾಥ ಎತ್ತಿ ಹೊಡೆದಾಗ ಪಕ್ಕದ ಮನೆ ರಾಯರು ಎದ್ದು ನಿಂತೋರು, ಮುಗಿಯೋ ತನಕ ಕೂರಲಿಲ್ಲ. ಕೂತ್ರೆ ವಿಕೆಟ್ ಬೀಳುತ್ತೆ ಅಂತ. ಅವರ ಹೆಂಡತಿ ಹಾಲು ಉಕ್ಕಿದ್ರೂ ಏಳಲಿಲ್ಲ, ಎದ್ದರೆ ಬೀಳುತ್ತೆ ಅಂತ. ಇನ್ನು ಏಳು ಬಾಲು ಇರೋ ಹಾಗೇ..." ಅತ್ತೆ ತಡೆದರು.

ನಮ್ಮವರು ಕುರ್ಚಿ ಎಳೆದುಕೊಂಡು ತಾಯಿಯ ಎದುರಿಗೆ ಬಂದು ಕೂತಿದ್ದರು. ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ತಾವೂ ಬಿಡಿಸತೊಡಗಿದರು. "ಆಮೇಲೆ ಏನಾಯ್ತಮ್ಮ?"

"ಹೇಳ್ತೀನಿ. ಹೋಗು, ಮೊದಲು ಹಾರ್ಲಿಕ್ಸ್ ಮಾಡ್ಕೊಂಡು ಬಾ. ಸಕ್ಕರೆ ಎರಡು ಚಮಚ. ನಿನ್ನ ಹೆಂಡತಿ ಒಂದೇ ಹಾಕ್ತಾಳೆ."