ಶೀಘ್ರದಲ್ಲೇ ನಿರೀಕ್ಷಿಸಿ

ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಐದನೇ ಸೆಮಿಸ್ಟರ್ ಓದುತ್ತಿರುವ ನಮ್ಮ ಉದಯೋನ್ಮುಖ ಇದುವರೆಗೆ ಬರೆದು ಮುಗಿಸಿರುವ ಕತೆಗಳು ಎರಡು. ಅವನ ವೆಬ್‌ಸೈಟಿನಲ್ಲಿರುವ ವಿಭಾಗಗಳು ಹನ್ನೊಂದು. ಕತೆ, ಕವಿತೆ, ಪ್ರಬಂಧ, ಅಂಕಣ, ಅನುವಾದ, ಸಂದರ್ಶನ, ಪ್ರಶಸ್ತಿಗಳು, ನನ್ನ ಕುರಿತು, ನನ್ನ ಕುರಿತು ಇತರರು, ಹೀಗೆ ಸಾಗುತ್ತದೆ ಪಟ್ಟಿ. ಬಹುಪಾಲು ಯಾವುದನ್ನು ಒತ್ತಿದರೂ ಒಂದು ಗರಿಲೇಖನಿ ಪರದೆಯ ಮೇಲೆ ಮೂರು ಸುತ್ತು ಹಾಕಿ, ಮಸಿ ಚಿಮುಕಿಸಿ, ‘ಶೀಘ್ರದಲ್ಲೇ ನಿರೀಕ್ಷಿಸಿ’ ಎಂದು ಬರೆದು ಮಾಯವಾಗುತ್ತದೆ. ಆ ಗರಿಲೇಖನಿಯನ್ನು ಕುಣಿಸುವುದಕ್ಕಾಗಿ ಅವನು ಒಂದು ಇಂಟರ್ನಲ್ಸ್ ಕೈಬಿಟ್ಟಿದ್ದಾನೆ. ಅವನು ಬರೆಯುವುದೇನಿದ್ದರೂ ಮೊಬೈಲಿನಲ್ಲಿ, ಹೆಬ್ಬೆರಳಿನಿಂದ.

ಇಂಥವನೊಬ್ಬ ಪ್ರತಿ ಕಾಲೇಜಿನಲ್ಲೂ ಇರುತ್ತಾನೆ. ನಮ್ಮ ಕಾಲದಲ್ಲಿ ಇದೇ ಆಸಾಮಿ ಖಾದಿ ಜುಬ್ಬಾ ತೊಟ್ಟು, ಬಗಲಿಗೆ ಜೋಳಿಗೆ ಇಳಿಬಿಟ್ಟು, ಸ್ವವಿಳಾಸ ಬರೆದ ಲಕೋಟೆ ಲಗತ್ತಿಸಿ ವಾರಪತ್ರಿಕೆಗೆ ಕತೆ ಕಳಿಸುತ್ತಿದ್ದ. ಅದೇ ಲಕೋಟೆಯಲ್ಲಿ ವಾಪಸು ಬಂದದ್ದನ್ನು ಮನೆಯವರ ಕಣ್ಣಿಗೆ ಬೀಳದಂತೆ ಪೋಸ್ಟ್‌ಮನ್ ಕೈಯಿಂದ ದಾರಿಯಲ್ಲೇ ಇಸಿದುಕೊಳ್ಳುತ್ತಿದ್ದ. ಈಗಿನವನಿಗೆ ಆ ಫಜೀತಿಯಿಲ್ಲ. ಸಂಪಾದಕನೂ ಅವನೇ, ಪ್ರಕಾಶಕನೂ ಅವನೇ, ಮೊಳೆ ಜೋಡಿಸುವವನೂ ಅವನೇ. ಅಷ್ಟಾದರೂ ಕತೆ ಪ್ರಕಟವಾಗುತ್ತಿಲ್ಲ ಅಂದರೆ ಆ ಸಂಪಾದಕನ ನಿಷ್ಠುರತೆಯನ್ನು ಮೆಚ್ಚಲೇಬೇಕು.

ಮೊದಲು ಆದದ್ದು ಕಾವ್ಯನಾಮ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದ ಸೂತ್ರವನ್ನು ಹೈಸ್ಕೂಲಿನಲ್ಲೇ ಕಂಠಪಾಠ ಮಾಡಿದ್ದ ಇವನು ಅದನ್ನು ತನ್ನ ಮೇಲೂ ಪ್ರಯೋಗಿಸಿದ. ಊರು ಕೇರಳಾಪುರ. ಹೆಸರು ಕೇಳಿ ಮಲಯಾಳ ಸೀಮೆ ಅಂದುಕೊಳ್ಳಬೇಡಿ, ಹಾಸನ ಜಿಲ್ಲೆ, ಅರಕಲಗೂಡು ತಾಲ್ಲೂಕು. ಊರಿನ ‘ಕೇ’, ಅಪ್ಪನ ಹೆಸರಿನ ‘ಸ’, ತನ್ನ ಹೆಸರಿನ ‘ರಿ’. ಮೂರನ್ನೂ ಸೇರಿಸಿ, ಬಣ್ಣ ಬಳಿದು, ಮುಖಪುಟದ ನೆತ್ತಿಯಲ್ಲಿ ಕೂರಿಸಿದ. ಮಾರನೆಯ ಬೆಳಿಗ್ಗೆ ಮೆಸ್ಸಿನಲ್ಲಿ ಅವನಿಗೆ ಕೇಸರಿಬಾತ್ ಎಂದೂ ಜೊತೆಗಿದ್ದ ರೂಮ್‌ಮೇಟಿಗೆ ಉಪ್ಪಿಟ್ಟು ಎಂದೂ ನಾಮಕರಣವಾಗಿತ್ತು. ಇಬ್ಬರೂ ಒಟ್ಟಿಗೆ ಒಳಗೆ ಬಂದರೆ ‘ಚೌಚೌ ಬಂತು, ದಾರಿ ಬಿಡ್ರೋ’. ಕಾವ್ಯನಾಮವೇನೋ ಎರಡೇ ದಿನದಲ್ಲಿ ಬದಲಾಯಿತು. ಹಾಸ್ಟೆಲಿನ ಹೆಸರು ಡಿಗ್ರಿ ಮುಗಿಯುವ ತನಕ ಹೋಗುವಂಥದ್ದಲ್ಲ.

ಆಮೇಲೆ ಡೊಮೈನು. ದುಡ್ಡು ಹೋದದ್ದು ಅಪ್ಪನ ಖಾತೆಯಿಂದ, ಹಾಗಾಗಿ ಮೆಸೇಜು ಬಂದದ್ದೂ ಅಪ್ಪನಿಗೆ.

‘ಏನ್ಲಾ ಇದು?’

‘ನನ್ನ ಹೆಸರಲ್ಲಿ ಒಂದು ವಿಳಾಸ ತಗಂಡೆ ಕಣಪ್ಪ. ಇಡೀ ಪ್ರಪಂಚದಲ್ಲಿ ಇನ್ಯಾರೂ ಅದನ್ನ ಇಟ್ಕಳಂಗಿಲ್ಲ.’

‘ಯಾವತ್ತಿಗೂ ನಿಂದೇಯಾ?’

‘ಇಲ್ಲ, ವರ್ಷ ವರ್ಷ ಕಟ್ಬೇಕು.’

‘ಅಂಗಾದ್ರೆ ನಿಂದಲ್ಲ ಬುಡು. ಗುತ್ತಿಗೆ ಅದು.’

ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ಎರಡನೇ ವರ್ಷದಿಂದ ಏರಿಸುತ್ತಾರೆ ಎಂಬುದನ್ನು ಮಗ ಹೇಳಲಿಲ್ಲ. ಹೇಳಿದ್ದರೆ, ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನಲ್ಲಿ ಪಳಗಿದ ಆ ಮನುಷ್ಯ ಇನ್ನೂ ಒಂದು ಒಳ್ಳೆಯ ಮಾತು ಹೇಳುತ್ತಿದ್ದರು.

ವಿಳಾಸ ಸಿಕ್ಕ ಮೇಲೆ ಬರಹ ಬೇಕಲ್ಲ. ಮೊದಲನೇ ಕತೆಯನ್ನು ಪಿಯುಸಿಯಲ್ಲಿದ್ದಾಗ ಊರಿನ ಕಡೆಯ ಡಿಟಿಪಿ ಅಂಗಡಿಯಲ್ಲಿ ನುಡಿಯಲ್ಲಿ ಟೈಪ್ ಮಾಡಿಸಿಟ್ಟಿದ್ದ. ಅದನ್ನು ಸೈಟಿಗೆ ಅಂಟಿಸಿದರೆ ತಲೆಯ ಮೇಲೆ ಚುಕ್ಕೆ, ಟೋಪಿ, ಕೆಳಗೆ ಬಾಲ ಹೊತ್ತ ರೋಮನ್ ಅಕ್ಷರಗಳ ದಂಡು ಬಂದು ಇಳಿಯಿತು. ಹಳೆಯ ನುಡಿ, ಬರಹ ಫಾಂಟುಗಳ ಸಂಗತಿಯೇ ಅದು: ಕನ್ನಡದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ವೇಷ ಹಾಕಿ ಕೂತಿರುತ್ತವೆ, ಆ ಫಾಂಟು ಇಲ್ಲದ ಕಡೆ ವೇಷ ಕಳಚಿ ನಿಲ್ಲುತ್ತವೆ. ಇದನ್ನು ಯೂನಿಕೋಡಿಗೆ ತಿರುಗಿಸುವ ಸಲಕರಣೆ ಪುಕ್ಕಟೆ ಸಿಗುತ್ತದೆ, ಒಂದು ನಿಮಿಷದ ಕೆಲಸವೂ ಅಲ್ಲ. ತೊಂದರೆ ಏನೆಂದರೆ, ತಿರುಗಿಸಿದ ಮೇಲೆ ಒತ್ತು, ದೀರ್ಘ ಸರಿಯಿವೆಯೇ ಅಂತ ಒಂದು ಸಲ ಓದಬೇಕಾಗುತ್ತದೆ. ಓದಿದ. ಪಿಯುಸಿಯಲ್ಲಿ ಬರೆದ ಕತೆಯನ್ನು ಮೂರು ವರ್ಷ ಬಿಟ್ಟು ಓದಿದವನಿಗೆ ಏನಾಗಬೇಕೋ ಅದೇ ಆಯಿತು. ಫೈಲನ್ನು ಮೆಲ್ಲಗೆ ಮುಚ್ಚಿ, ಫಾಂಟ್ ಆರಿಸುವ ಕೆಲಸಕ್ಕೆ ಹೊರಟ.

ಫಾಂಟ್ ಆರಿಸುವುದೆಂದರೆ ಮದುವೆ ಜವಳಿ ತೆಗೆದ ಹಾಗೆ, ಅಂಗಡಿಯವನು ಸುಸ್ತಾಗುವವರೆಗೂ ಮುಗಿಯುವುದಿಲ್ಲ. ಇಲ್ಲಿ ಅಂಗಡಿಯವನೂ ಇಲ್ಲ. ತಿರೋ ಕನ್ನಡ ಗಂಭೀರವಾಗಿದೆ, ಆದರೆ ತನಗೆ ಇನ್ನೂ ಇಪ್ಪತ್ತು ವಯಸ್ಸು. ಬಾಲೂ ತಮ್ಮ ದುಂಡು ದುಂಡಾಗಿ ಮುದ್ದಾಗಿದೆ, ಆದರೆ ದುರಂತ ಕತೆಗೆ ಹೊಂದುವುದಿಲ್ಲ. ನೋಟೊ ಎಲ್ಲರ ಹತ್ತಿರವೂ ಇದೆ. ಕೊನೆಗೆ ಒಂದನ್ನು ಹಿಡಿದು ಕೂರಿಸಿದರೆ ಮೇಲಿನ ಸಾಲಿನ ಒತ್ತಕ್ಷರ ಬಂದು ಕೆಳಗಿನ ಸಾಲಿನ ಗುಡಿಸಿನ ನೆತ್ತಿಗೆ ಬಡಿಯಿತು. ಇಂಗ್ಲಿಷಿಗೆಂದು ಹೊಲಿದ ಟೆಂಪ್ಲೇಟಿನಲ್ಲಿ ಸಾಲುಗಳ ನಡುವೆ ಕನ್ನಡಕ್ಕೆ ಬೇಕಾದಷ್ಟು ಜಾಗ ಬಿಟ್ಟಿರುವುದಿಲ್ಲ. ‘ಸ್ತ್ರೀ’ ಎಂದು ಬರೆದರೆ ಅವಳ ಪಾದ ಕೆಳಗಿನ ಸಾಲಿನ ‘ಕಿಟಕಿ’ಯೊಳಗೆ ತೂರುತ್ತಿತ್ತು. ಇದನ್ನು ಸರಿಪಡಿಸಿದ ರಾತ್ರಿ ಅವನು ಪಟ್ಟ ಸಂತೋಷ ನಿಜಕ್ಕೂ ಸಾಹಿತಿಯ ಸಂತೋಷ ಎಂದೇ ನನ್ನ ಭಾವನೆ. ಸಾಲುಗಳ ನಡುವಿನ ಅರ್ಥದ ಬಗ್ಗೆ ಭಾಷಣ ಮಾಡುವವರು ಬೇಕಾದಷ್ಟಿದ್ದಾರೆ, ಸಾಲುಗಳ ನಡುವಿನ ಜಾಗದ ಬಗ್ಗೆ ನಿದ್ದೆಗೆಟ್ಟವನು ಇವನೊಬ್ಬ.

ಸಾಲುಗಳೇನೋ ಸರಿಹೋದವು. ಆದರೆ ಅವು ಯಾರ ಸಾಲುಗಳು? ಟೆಂಪ್ಲೇಟು ಕೊಟ್ಟವರು ಜಾಗ ತುಂಬಿಸಲೆಂದು ‘ಲೋರೆಮ್ ಇಪ್ಸಮ್’ ಎಂದು ಶುರುವಾಗುವ ಲ್ಯಾಟಿನ್ ಮುದ್ದೆಯನ್ನು ಇಟ್ಟಿರುತ್ತಾರಲ್ಲ, ‘ಕತೆ’ ವಿಭಾಗದಲ್ಲಿ ಅದು ಹಾಗೇ ಇತ್ತು. ಕ್ರಿಸ್ತಪೂರ್ವ 45ರಲ್ಲಿ ರೋಮಿನ ಸಿಸೆರೋ ಬರೆದ ತತ್ತ್ವಗ್ರಂಥವೊಂದರ ಮಾತುಗಳನ್ನು ಯಾರೋ ಕತ್ತರಿಸಿ, ಕಲಸಿ ಮಾಡಿದ್ದು ಅದು. ಹೀಗಾಗಿ ನಮ್ಮ ಉದಯೋನ್ಮುಖನ ತಾಣದಲ್ಲಿ ಮೊದಲು ಪ್ರಕಟವಾದ, ಅತಿ ಹೆಚ್ಚು ಕಾಲ ಉಳಿದ ಲೇಖಕ ಸಿಸೆರೋ. ಊರಿನಲ್ಲಿ ಇವನಿಗೆ ಕನ್ನಡ ಕಲಿಸಿದ ಮೇಷ್ಟ್ರು ಅದನ್ನು ಮೊಬೈಲಿನಲ್ಲಿ ಪೂರ್ತಿ ನೋಡಿ, ಕನ್ನಡಕ ತೆಗೆದು ಒರೆಸಿ, ‘ಅರ್ಥ ಆಗ್ಲಿಲ್ಲ ಕಣೋ. ನವ್ಯ ಇರ್ಬೇಕು, ಬರಿ ಬರಿ’ ಎಂದು ಬೆನ್ನು ತಟ್ಟಿದರಂತೆ.

ಪೂರ್ತಿಯಾದ ವಿಭಾಗ ಒಂದೇ, ‘ನನ್ನ ಕುರಿತು’. ಅಲ್ಲಿ ಅವನು ತನ್ನನ್ನು ‘ಇವರು’ ಎಂದು ಕರೆದುಕೊಂಡಿದ್ದಾನೆ. ‘ಇವರ ಬರವಣಿಗೆಯಲ್ಲಿ ಮಣ್ಣಿನ ವಾಸನೆಯಿದೆ’ ಎಂದು ಇವರೇ ಬರೆದಿದ್ದಾರೆ. ಜೊತೆಗೊಂದು ಫೋಟೊ: ಕುಕ್ಕರಹಳ್ಳಿ ಕೆರೆ ಏರಿ, ಗದ್ದಕ್ಕೆ ಕೈ, ದೃಷ್ಟಿ ದೂರದ ನೀರಿನ ಮೇಲೆ. ತೆಗೆದದ್ದು ಉಪ್ಪಿಟ್ಟು. ಕುವೆಂಪು ಓಡಾಡಿದ ಕೆರೆ ಏರಿ ಎಂಬ ಕಾರಣಕ್ಕೇ ಅಲ್ಲಿಗೆ ಹೋಗಿದ್ದು. ವಾಕಿಂಗಿಗೆ ಬಂದ ಹಿರಿಯರೊಬ್ಬರು ಚೌಕಟ್ಟಿನೊಳಗೆ ನುಗ್ಗಿ ‘ಏನಪ್ಪಾ, ಹಲ್ಲು ನೋವಾ?’ ಎಂದು ಕೇಳಿದ್ದರಿಂದ ಎರಡನೇ ಸಲ ತೆಗೆಯಬೇಕಾಯಿತು. ಈ ಪುಟದ ಇಂಗ್ಲಿಷ್ ಅವತರಣಿಕೆ ಕನ್ನಡದ್ದಕ್ಕಿಂತ ಉದ್ದವಾಗಿದೆ. ಯಾಕಪ್ಪಾ ಅಂದರೆ, ‘ಕುವೆಂಪು ಅವರೂ ಇಂಗ್ಲಿಷಿನಲ್ಲೇ ಶುರು ಮಾಡಿದ್ದು ಸಾರ್’ ಅನ್ನುತ್ತಾನೆ. ಸುಳ್ಳಲ್ಲ. ಅವರ ಮೊದಲ ಪುಸ್ತಕ 1922ರ ‘ಬಿಗಿನರ್ಸ್ ಮ್ಯೂಸ್’. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಹುಡುಗನಿಗೆ ನಿನ್ನ ಭಾಷೆಯಲ್ಲಿ ಬರಿ ಎಂದು ಹೇಳಿದ್ದನ್ನೂ ನೆನಪಿಸಿದೆ. ‘ಅದೇ ಸಾರ್, ನನಗೆ ಇನ್ನೂ ಯಾರೂ ಹೇಳಿಲ್ಲ’ ಎಂದ.

ತಾಣದ ಅಡಿಯಲ್ಲಿ ‘ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ’ ಎಂದಿದೆ. ಯಾರೂ ನಕಲು ಮಾಡಬಾರದೆಂದು ಮೌಸಿನ ಬಲಗುಂಡಿಗೆ ಬೀಗ ಜಡಿದಿದ್ದಾನೆ. ಕದಿಯೋಕೆ ಬಂದವನು ಪಾಪ, ತಾನೇ ಏನಾದರೂ ಇಟ್ಟು ಹೋಗ್ತಾನೆ ಎಂಬುದು ಉಪ್ಪಿಟ್ಟಿನ ಅಭಿಪ್ರಾಯ.

ಓದುಗರ ಲೆಕ್ಕ ತೋರಿಸುವ ಪುಟವೊಂದಿದೆ, ಅದು ಅವನಿಗೆ ಮಾತ್ರ ಕಾಣುವಂಥದ್ದು. ಮೈಸೂರಿನಿಂದ ಬರುವವರೆಲ್ಲ ತಾನೇ ಎಂಬುದು ಅವನಿಗೂ ಗೊತ್ತು. ಆದರೆ ಒಂದು ದಿನ ಅಮೆರಿಕದ ವರ್ಜೀನಿಯಾ ರಾಜ್ಯದ ಆಶ್‌ಬರ್ನ್ ಎಂಬ ಊರಿನಿಂದ ಓದುಗರು ಬರತೊಡಗಿದರು. ರಾತ್ರಿಯಿಲ್ಲ, ಹಗಲಿಲ್ಲ, ಖಾಲಿ ವಿಭಾಗಗಳನ್ನೂ ಬಿಡದೆ ತೆರೆದು ನೋಡುತ್ತಿದ್ದರು. ಆ ಸೀಮೆಯಲ್ಲಿ ‘ಕಾವೇರಿ’ ಎಂಬ ಕನ್ನಡ ಸಂಘ ಇರುವುದನ್ನು ಪತ್ತೆ ಹಚ್ಚಿ, ‘ಸಾಗರದಾಚೆಯ ಸಹೃದಯರೇ’ ಎಂದು ಆರಂಭವಾಗುವ ಪತ್ರವೊಂದನ್ನು ಸಿದ್ಧಪಡಿಸಿದ. ಕಂಪ್ಯೂಟರ್ ಸೈನ್ಸಿನ ಉಪ್ಪಿಟ್ಟು ತಡೆಯದಿದ್ದರೆ ಕಳಿಸಿಯೂ ಬಿಡುತ್ತಿದ್ದ. ಆಶ್‌ಬರ್ನ್ ಎಂದರೆ ಡೇಟಾ ಸೆಂಟರುಗಳ ಊರು. ಅಲ್ಲಿಂದ ಹೀಗೆ ಬಂದು ಇಣುಕುವುದು ಮನುಷ್ಯರಲ್ಲ, ಅಂತರ್ಜಾಲವನ್ನೆಲ್ಲ ತಡಕಾಡುವ ಯಂತ್ರಗಳು. ಒಂದು ಗಳಿಗೆ ಸಪ್ಪಗಾದ. ಆಮೇಲೆ, ‘ಆದ್ರೂ ದಿನಾ ಬರ್ತಾವಲ್ಲ ಮಗಾ, ನೀನು ಒಂದ್ಸಲನಾದ್ರೂ ಬಂದಿದೀಯಾ?’ ಎಂದು ತಿರುಗಿಬಿದ್ದ.

ಎರಡನೇ ಕತೆಯನ್ನು ನನಗೆ ಓದಲು ಕೊಟ್ಟ. ಪ್ಯಾರಿಸ್ಸಿನ ಒಂದು ಬೀದಿ, ಶರತ್ಕಾಲ, ಕಿಟಕಿಯಾಚೆ ಉದುರುವ ಮೇಪಲ್ ಎಲೆ, ಒಂಟಿ ನಾಯಕ, ಕಪ್ಪು ಕಾಫಿ. ಮೇಪಲ್ ಮರವನ್ನು ಅವನು ನೋಡಿಲ್ಲ. ನಾನೂ ನೋಡಿಲ್ಲ, ಆದ್ದರಿಂದ ಆ ವಿಚಾರದಲ್ಲಿ ಏನೂ ಹೇಳುವಂತಿರಲಿಲ್ಲ. ಆದರೆ ಎಲೆಯ ವಿಷಯಕ್ಕೆ ಬಂದರೆ ಆ ಹಾಸ್ಟೆಲಿನಲ್ಲಿ ಇವನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಯಾವ ಎಲೆ ಎಷ್ಟು ಹಣ್ಣಾದಾಗ ಮುರಿಯಬೇಕು, ಕಡ್ಡಿಗೆ ಹೇಗೆ ಕಟ್ಟಬೇಕು, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಶಾಖ ಯಾವಾಗ ಏರಿಸಬೇಕು, ಎಷ್ಟು ಏರಿದರೆ ಸೊಪ್ಪು ಕಪ್ಪಾಗಿ ರೇಟು ಬೀಳುತ್ತದೆ, ಎಲ್ಲ ಗೊತ್ತು. ರಜೆಗೆ ಹೋದಾಗಲೆಲ್ಲ ರಾತ್ರಿಪಾಳಿ ಇವನದೇ. ಅದನ್ನೇ ಬರಿ ಅಂದರೆ, ‘ಅದರಲ್ಲೇನಿದೆ ಸಾರ್, ಮನೆ ಕೆಲಸ’ ಅನ್ನುತ್ತಾನೆ.

ಅವನು ನನ್ನ ಹತ್ತಿರ ಬಂದದ್ದು ಮುನ್ನುಡಿ ಬರೆಸಲು. ಪುಸ್ತಕಕ್ಕಲ್ಲ, ವೆಬ್‌ಸೈಟಿಗೆ. ಮುನ್ನುಡಿ ಬರೆಯುವವನು ಕೃತಿಯನ್ನು ಒಮ್ಮೆಯಾದರೂ ತಿರುವಿ ಹಾಕುವುದು ವಾಡಿಕೆ, ಆದ್ದರಿಂದ ಅವನು ಹೋದ ಮೇಲೆ ಕೂತು ವಿಳಾಸ ಹೊಡೆದೆ. ಎಲ್ಲೋ ಒಂದು ಅಕ್ಷರ ತಪ್ಪಿರಬೇಕು. ಗರಿಲೇಖನಿ ಬರಲಿಲ್ಲ. ಬಿಳಿಯ ಪುಟದ ಮೇಲೆ ಇಷ್ಟೇ ಇತ್ತು:

‘ನೀವು ಹುಡುಕ್ಕೊಂಡು ಬಂದ ಪುಟ ಇಲ್ಲಿಲ್ಲ. ಮೈಸೂರಿಂದ ಕೊನೇ ಬಸ್ಸು ಹತ್ತಿದ್ರೆ ಹಿಂಗೇ ಆಗೋದು. ಸಾಲಿಗ್ರಾಮದಲ್ಲಿ ಅರ್ಧ ಜನ ಇಳೀತಾರೆ, ಡ್ರೈವರ್ ಒಳಗಿನ ಲೈಟ್ ಆರಿಸ್ತಾನೆ, ನಿದ್ದೆ ಹತ್ತುತ್ತೆ, ಊರು ದಾಟಿಹೋಗುತ್ತೆ. ಗಾಬರಿ ಬೇಡ. ಇಳಿದ ಕಡೆ ನಿಂತು, ಹೊಗೆಸೊಪ್ಪಿನ ವಾಸನೆ ಯಾವ ಕಡೆಯಿಂದ ಬರುತ್ತೆ ನೋಡಿ, ಆ ಕಡೆಗೆ ನಡೀರಿ. ಬ್ಯಾರನ್ ಮುಂದೆ ಯಾರಾದ್ರೂ ಒಬ್ರು ಎದ್ದಿರಲೇಬೇಕು, ಬೆಂಕಿ ನೋಡ್ಕೊಳ್ಳೋಕೆ. ಹೆಸರು ಕೇಳೋದಿಲ್ಲ. ಟೀ ಕೊಡ್ತಾರೆ.’

ಮಾರನೆಯ ದಿನ ಕರೆಸಿ ಕೇಳಿದೆ, ಇದನ್ನು ಯಾವಾಗ ಬರೆದೆ ಅಂತ. ಮುಖ ಕೆಂಪಗಾಯಿತು. ‘ಅಯ್ಯೋ, ಅದನ್ಯಾಕೆ ನೋಡಿದ್ರಿ ಸಾರ್. ಯಾವುದೋ ಫೈಲ್ ಅಪ್‌ಲೋಡ್ ಆಗೋದನ್ನ ಕಾಯ್ತಾ ಸುಮ್ನೆ ಹೊಡೆದಿದ್ದು. ಅದು ಸಾಹಿತ್ಯ ಅಲ್ಲ, ಎರರ್ ಮೆಸೇಜು.’

ಇದ್ದದ್ದರಲ್ಲಿ ಅದೇ ಚೆನ್ನಾಗಿದೆ, ಮುನ್ನುಡಿ ಬರೆದರೆ ಅದಕ್ಕೇ ಬರೆಯುತ್ತೇನೆ ಎಂದೆ. ಮೊದಲು ನಂಬಲಿಲ್ಲ, ಆಮೇಲೆ ಸ್ವಲ್ಪ ಬೇಜಾರಾಯಿತು, ಕೊನೆಗೆ ಲಗುಬಗೆಯಿಂದ ಎದ್ದು ಹೋದ. ಅದೇ ರಾತ್ರಿ ಮುಖಪುಟದ ಪಟ್ಟಿಗೆ ಹನ್ನೆರಡನೆಯದಾಗಿ ‘ಆಯ್ದ ಕೃತಿ’ ಎಂಬ ವಿಭಾಗ ಸೇರಿಕೊಂಡಿತು. ಅವಸರದಲ್ಲಿ ಅದರ ಕೊಂಡಿಯನ್ನು ತಪ್ಪಾಗಿ ಕೊಟ್ಟಿದ್ದಾನೆ. ಆ ಹೆಸರಿನ ಪುಟವೇ ಇಲ್ಲ. ಹಾಗಾಗಿ ಒತ್ತಿದವರೆಲ್ಲ ನೇರವಾಗಿ ಬ್ಯಾರನ್ ಮುಂದೆ ಹೋಗಿ ಇಳಿಯುತ್ತಿದ್ದಾರೆ. ಸರಿಪಡಿಸುತ್ತೇನೆ ಅನ್ನುತ್ತಿದ್ದಾನೆ, ನಾನು ಉಪ್ಪಿಟ್ಟಿಗೆ ಫೋನ್ ಮಾಡಿ, ಹೇಗಾದರೂ ಅವನನ್ನು ತಡಿಯಪ್ಪಾ ಎಂದಿದ್ದೇನೆ.