ಕುಡಚಿಯ ಲಿನಕ್ಸ್ ಯಂತ್ರಕ್ಕೆ ತಕ್ಕ ಬೀರ್ ಸಾಫ್ಟ್‌ವೇರ್: ಒಂದು ಮೀಮಾಂಸೆ

ಹಳೆಯ ಲ್ಯಾಪ್‌ಟಾಪು, ಅದರಲ್ಲಿ ಉಬುಂಟು: ಇದು ವಿಷಯ. ಮನೆಯಲ್ಲಿ ಬೀರ್ ಕಾಸುವವರ ಸಾಫ್ಟ್‌ವೇರುಗಳಲ್ಲಿ ಇದಕ್ಕೆ ಯಾವುದು ಸೈ: ಇದು ಸಂಶಯ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಿಗಿ ಇಲ್ಲದೆ ಕಾಸುವಂತೆಯೇ ಇಲ್ಲವಲ್ಲ: ಇದು ಪೂರ್ವಪಕ್ಷ. ಕಾಯ್ದೆ ತಡೆದಿರುವುದು ಕಾಸುವುದನ್ನು, ಲೆಕ್ಕ ಹಾಕುವುದನ್ನಲ್ಲ: ಇದು ಸಿದ್ಧಾಂತ. ‘ಕಂಪ್ಯೂಟರ್‌ನಾಗ ಕುದಸೂದಾದ್ರ ಗ್ಯಾಸ್ ಉಳೀತು ಬಿಡು’ ಎಂಬ ನಮ್ಮವ್ವನ ವಾರ್ತಿಕವೂ ಇದಕ್ಕೆ ಅನುಕೂಲವಾಗಿದೆ.

ಬೀರ್‌ಸ್ಮಿತ್ ಉಬುಂಟುವಿನಲ್ಲಿ ಓಡುತ್ತದೆ, ಆದರೆ ದುಡ್ಡು ಕೇಳುತ್ತದೆ. ಬ್ರೂಫಾದರ್ ಬ್ರೌಸರಿನಲ್ಲಿ ತೆರೆಯುತ್ತದೆ. ಯಾವ ಯಂತ್ರವಾದರೂ ನಡೆಯುವುದರಿಂದ ಮೀಮಾಂಸೆಗೆ ಕೆಲಸವಿಲ್ಲ, ಆದ್ದರಿಂದ ತ್ಯಾಜ್ಯ. ಉಳಿದದ್ದು ಬ್ರೂಟಾರ್ಗೆಟ್. ಪುಕ್ಕಟೆ, ಜಿಪಿಎಲ್ ಪರವಾನಿಗಿ. ಅಬಕಾರಿಯವರು ಕೇಳುವ ಪರವಾನಿಗಿ ಬೇರೆ ಎಂದು ಗೆಳೆಯ ವಕೀಲರೊಬ್ಬರು ಎರಡು ಸಲ ತಿಳಿಸಿ ಹೇಳಿದ್ದಾರೆ.

ಈಗ ಮುಖ್ಯ ಸಂಶೋಧನೆ. ಮನೆಯಲ್ಲಿ ಬೀರ್ ಕಾಸುವ ಮಂದಿಯ ಸಕ್ಕರೆ ಪಟ್ಟಿಗಳಲ್ಲಿ ‘ಬೆಲ್ಜಿಯನ್ ಕ್ಯಾಂಡಿ ಸಕ್ಕರೆ’ ಎಂಬ ಪಾಠ ಸಿಗುತ್ತದೆ. ಇದು ಲಿಪಿಕಾರನ ದೋಷ. ಮೂಲಪಾಠ ‘ಬೆಳಗಾಂ’ ಎಂದೇ ಇರಬೇಕು. 2014ರ ನವೆಂಬರ್ 1ಕ್ಕೆ ಊರು ಬೆಳಗಾವಿಯಾದ ಮೇಲಂತೂ ತಿದ್ದುವವರೇ ಇಲ್ಲದಂತಾಯಿತು. ಬೆಲ್ಜಿಯಂನವರು ಅದನ್ನು ಬೀಟ್ ಗಡ್ಡೆಯಿಂದ ಮಾಡುತ್ತಾರೆಂಬ ಆಕ್ಷೇಪ ನಿಲ್ಲದು: ಕಬ್ಬು ಬೆಳೆಯಲಾಗದವರು ಇನ್ನೇನು ಮಾಡಿಯಾರು? ಅಂದಹಾಗೆ ‘ಕ್ಯಾಂಡಿ’ ನಮ್ಮ ‘ಖಂಡ’ವೇ; ಅರಬರ ಬಾಯಿ ದಾಟಿ ಯೂರೋಪಿಗೆ ಹೋದದ್ದು. ಈ ಮಾತು ಮಾತ್ರ ನಿಜ, ನಗಬೇಡಿ.

ಬ್ರೂಟಾರ್ಗೆಟ್‌ನ ಪಟ್ಟಿಗೆ ‘ಬೆಲ್ಲ’ ಸೇರಿಸಬೇಕಿತ್ತು. ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯ ವಿಂಡೋಸ್ ಯಂತ್ರದಲ್ಲಿ ಹಳೆಯ ಫಾಂಟಿನಿಂದ ಹೊಡೆಸಿ ತಂದೆ; ಇಲ್ಲಿ ಅಂಟಿಸಿದರೆ ಟೋಪಿ ಹೊತ್ತ ರೋಮನ್ ಅಕ್ಷರಗಳ ಮೆರವಣಿಗೆ. ಉಬುಂಟುವಿನಲ್ಲೇ ಯುನಿಕೋಡಿನಲ್ಲಿ ಹೊಡೆದಾಗ ಬೆಲ್ಲ ಬೆಲ್ಲವಾಗಿಯೇ ಕೂತಿತು. ಲಿನಕ್ಸ್ ಗೆದ್ದದ್ದು ಇಲ್ಲಿ.

ಸಕ್ಕರೆಯ ಸಾಂದ್ರತೆಗೆ ಬ್ರಿಕ್ಸ್ ಎಂಬ ಅಳತೆ ಇದೆ. ನೂರು ಗ್ರಾಂ ದ್ರಾವಣದಲ್ಲಿ ಒಂದು ಗ್ರಾಂ ಸಕ್ಕರೆ ಇದ್ದರೆ ಒಂದು ಬ್ರಿಕ್ಸ್. ಕುಡಚಿಯಿಂದ ಕೃಷ್ಣೆಯ ಸೇತುವೆ ದಾಟಿದರೆ ಮುಂದಿನ ಸ್ಟೇಷನ್ನೇ ಉಗಾರ ಖುರ್ದ. 1939ರಲ್ಲಿ ಸ್ಥಾಪನೆಯಾದ ಶುಗರ್ ವರ್ಕ್ಸ್ ಇರುವ ಆ ಊರಿನ ಕಬ್ಬಿನವರಿಗೆ ಬ್ರಿಕ್ಸ್ ಹೊಸ ಶಬ್ದವಲ್ಲ. ನಾನು ಮಾತ್ರ ಗಾಣಕ್ಕೆ ಹೋದೆ. ಕೊಪ್ಪರಿಗೆಯ ಮುಂದಿದ್ದ ಮುದುಕ ಕುದಿಯುವ ಪಾಕವನ್ನು ತಣ್ಣೀರಿಗೆ ಬಿಟ್ಟ, ಬೆರಳಲ್ಲಿ ಉಂಡೆ ಮಾಡಿದ, ತಾಟಿಗೆ ಬಡಿದ. ‘ಟಣ್ ಅಂತು, ಇಳಸ್ರಿ’. ಬ್ರೂಟಾರ್ಗೆಟ್‌ನಲ್ಲಿ ‘ಟಣ್’ ತುಂಬುವ ಕಾಲಮ್ಮಿಲ್ಲ. ಷರಾದಲ್ಲಿ ಬರೆದೆ.

ಬ್ಯಾಚ್ ಅಮೆರಿಕದವರ ರೂಢಿಯಂತೆ ಐದು ಗ್ಯಾಲನ್, ಅಂದರೆ 19 ಲೀಟರ್. ಮನೆ ಬೀರಿಗೆ ಅಡ್ಡಿಯಿಲ್ಲವೆಂಬ ಮಸೂದೆಗೆ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು ಅವರಿಗೆ. ಸಹಿ ಕೃಷ್ಣೆಯ ತನಕ ಬರಲಿಲ್ಲ. ಎರಡು ಕಿಲೋ ಬೆಲ್ಲ ನಮೂದಿಸಿದೆ. ಹುದುಗಿಸುವ ಉಷ್ಣತೆ 20 ಡಿಗ್ರಿ ಎಂದು ಬರೆದೆ. ಹೊರಗೆ ಏಪ್ರಿಲ್, ಫ್ಯಾನಿಗೂ ಕರೆಂಟಿಲ್ಲ. ಆದರೆ ಕಾಲಮ್ಮಿಗೆ ಸೆಕೆಯಾಗುವುದಿಲ್ಲ.

ಫಲಿತ: ಪರದೆಯ ಮೇಲೆ ಮದ್ಯಾಂಶ ಸುಮಾರು ಶೇಕಡಾ 5. ಲೋಟದಲ್ಲಿ ಅವ್ವ ಕೊಟ್ಟ ಚಹಾ, ಅದೇ ಬೆಲ್ಲದ್ದು.