ಕೋಡಿಗೆ ಎಣ್ಣೆ ಹಚ್ಚಿದ ಕಾರು

ನಮ್ಮ ನಂದೂರದಲ್ಲಿ ಎರಡು ಮನೆಗಳ ನಡುವೆ ನಿಲ್ಲಿಸಿದ ಪರ್ಸಿ ಕಲ್ಲು ಸರಿಯಾಗಿ ಎದೆಮಟ್ಟ ಬರುತ್ತದೆ. ಮೊಣಕೈ ಊರಿ ಮಾತಾಡಲಿಕ್ಕೇ ಅಳತೆ ಹಿಡಿದು ಕಡಿದಂಗೆ. ನಿನ್ನೆ ಸಂಜೆ ಪಕ್ಕದ ಮನೆ ಹುಡುಗ ಅದರ ಮೇಲೆ ಮೊಬೈಲ್ ಇಟ್ಟು ಫೋಟೊ ತೋರಿಸಿದ. ಎರಡೇ ಸೀಟಿನ, ಟಾಪ್ ತೆಗೆಯುವ ಕೆಂಪು ಕಾರು. ಸ್ಯಾನ್ ಸ್ಟಾರ್ಮ್! "ಹೈದರಾಬಾದಿನಾಗದ ಕಾಕಾ. ಹಳೇದು ಖರೆ, ಆದ್ರ ಭಾಳ ಕಮ್ಮಿ ಓಡೇದ."

ಬೆಂಗಳೂರಿನ ಸ್ಯಾನ್‌ನವರು ನೆನಪಿದ್ದಾರಲ್ಲ? ರೈಲು ಎಂಜಿನ್ ಮಾಡುವ ಮನೆತನ. ಅವರಿಗೆ 1990ರ ದಶಕದ ಕೊನೆಗೆ ಅದೇನು ಹುಕಿ ಬಂತೋ, ಫೈಬರ್ ಮೈಯೊಳಗೆ 1149 ಸಿಸಿಯ ರೆನೋ ಎಂಜಿನ್ ಕೂಡಿಸಿ ಈ ಪುಟಾಣಿ ಸ್ಪೋರ್ಟ್ಸ್ ಕಾರು ತಂದರು. ಕೋಣ ಕಟ್ಟುವ ಕೊಟ್ಟಿಗೆಯಲ್ಲಿ ಜಿಂಕೆ ಮರಿ ಹುಟ್ಟಿದ ಹಾಗೆ, ಅಲ್ವಾ?

ಫೈಬರ್ ಮೈಗೆ ತುಕ್ಕು ಹಿಡಿಯೋದಿಲ್ಲ ನಿಜ. ಆದರೆ ಅಡಿಯಲ್ಲಿರೋದು ಕಬ್ಬಿಣವೇ ತಾನೆ? ಬಾಗಿಲ ಸಂದಿಯಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕು ಕಂಡರೆ, ಹೊಸ ಬಣ್ಣ ಏನನ್ನೋ ಮುಚ್ಚಿಕೊಂಡಿದೆ ಅಂತ ಲೆಕ್ಕ.

ಬಣ್ಣ ಅಂದ ಕೂಡಲೇ ನನಗೆ ನಮ್ಮ ಅಜ್ಜನ ನೆನಪು. ದನದ ಸಂತೆಯಲ್ಲಿ ಮಾರುವವರು ಕೋಡಿಗೆ ಎಣ್ಣೆ ತಿಕ್ಕಿ, ಗೊಂಡೆ ಕಟ್ಟಿ ನಿಲ್ಲಿಸಿರುತ್ತಿದ್ದರು. ಅಜ್ಜ ಹಲ್ಲು ಎಣಿಸುತ್ತಿದ್ದ, ಸುಳಿ ನೋಡುತ್ತಿದ್ದ. ಟವೆಲಿನೊಳಗೆ ಬೆರಳು ಹಿಡಿದು ರೇಟೂ ಕೇಳುತ್ತಿದ್ದ. ಆದರೆ ವ್ಯಾಪಾರ ಮುಗಿಸುತ್ತಿರಲಿಲ್ಲ. ಮರುದಿನ ನಸುಕಿನಲ್ಲಿ ಹೇಳದೆ ಕೇಳದೆ ಹೋಗಿ, ಎತ್ತು ತಾನಾಗೇ ಏಳುತ್ತದೋ ಬಾಲ ತಿರುವಿದ ಮೇಲೆ ಏಳುತ್ತದೋ ನೋಡಿ ಬರುತ್ತಿದ್ದ.

ಕಾರಿನ ಮಾತೂ ಅಷ್ಟೇ. ನೀವು ಹೋಗುವ ಹೊತ್ತಿಗೆ ಬಾನೆಟ್ ಬಿಸಿ ಇದ್ದರೆ, ಮಾಲೀಕ ಆಗಲೇ ಬಾಲ ತಿರುವಿದ್ದಾನೆ ಅಂತ ತಿಳಿಯಿರಿ. ತಣ್ಣಗಿರುವ ಎಂಜಿನ್ನೇ ಖರೆ ಹೇಳೋದು. ಚಾಲೂ ಆದ ಕೂಡಲೇ ಟಕಟಕ ಅಂತದೋ, ನೀಲಿ ಹೊಗೆ ಉಗುಳ್ತದೋ, ಎಲ್ಲಾ ಬಯಲಾಗ್ತದೆ.

ಇನ್ನು ಆ "ಕಮ್ಮಿ ಓಡೇದ" ಅನ್ನೋ ಮಾತು! ಕಟ್ಟಿಹಾಕಿದ ಎತ್ತಿನ ಕಾಲು ಹಿಡಿದುಕೊಳ್ಳೋದಿಲ್ವೇ? ನಿಂತ ಕಾರಿನ ರಬ್ಬರ್ ಪೈಪು, ಬೆಲ್ಟು, ಸೀಲು ನಿಂತಲ್ಲೇ ಒಣಗುತ್ತವೆ. ನಮ್ಮ ಕಲಬುರಗಿ ಬಿಸಿಲಿಗಂತೂ ಕೇಳೋದೇ ಬೇಡ. ಟೈರಿನ ಗೆರೆ ಹೊಸದರಂತೆ ಇರುತ್ತದೆ, ಜೀವ ಹೋಗಿರುತ್ತದೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರ್ತಾವೆ ನೋಡಿ: 2314 ಅಂತಿದ್ದರೆ 2014ರ 23ನೇ ವಾರದ ಪಿಂಡ. ಟೈರಿನ ಜಾತಕ ಅದು. ಅಳಿಸಲಿಕ್ಕೆ ಬರೋದಿಲ್ಲ ಪಾಪ.

ಮತ್ತೆ ಕಾಗದಪತ್ರ. 15 ವರ್ಷ ದಾಟಿದ ಗಾಡಿಗೆ ಆರ್‌ಸಿ ನವೀಕರಣ ಆಗಿದೆಯಾ? ಚಾಸಿ ನಂಬರ್ ತಾಳೆ ಬೀಳ್ತದಾ? ಹೊರರಾಜ್ಯದ್ದಾದರೆ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಹುಡುಗ ಕಾರಿನ ರೇಟು ಹೇಳಿದ. "ಅಷ್ಟೇ ರೊಕ್ಕ ಇನ್ನೊಮ್ಮೆ ಬ್ಯಾರೆ ಡಬ್ಬಿಯಾಗ ಇಟ್ಟೀಯೇನು?" ಅಂದೆ. ತಯಾರಿಕೆ ನಿಂತು ಎಷ್ಟೋ ಕಾಲ ಆಯ್ತು. ಮುಂದಿನ ಗಾಜು ಒಡೆದರೆ ಯಾವ ಅಂಗಡಿಗೆ ಹೋಗ್ತೀರಿ?

ಅಷ್ಟಕ್ಕೂ ಅದು ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಗಾಡಿ. ನಮ್ಮ ಸ್ಪೀಡ್ ಬ್ರೇಕರುಗಳೋ, ಗೋರಿ ಕಟ್ಟಿದಂಗೆ. ಸುಗ್ಗಿಯಲ್ಲಿ ಯಾರಾದರೂ ರಸ್ತೆಗೇ ತೊಗರಿ ಹರವಿದರೆ, ಕಟ್ಟಿಗೆ ಬಿಸಿ ಸೈಲೆನ್ಸರಿಗೆ ಸಿಕ್ಕಿ ಕಾರಿಗೇ ಹೋಳಿ ಹುಣ್ಣಿಮೆ!

ಹುಡುಗನ ಮುಖ ಬಾಡಿತು. "ಹಂಗಾದ್ರ ಬ್ಯಾಡ ಅಂತೀರೇನು?"

ಬ್ಯಾಡ ಅಂದವರು ಯಾರು? ಇಷ್ಟೆಲ್ಲ ನೋಡುವ ನಮ್ಮಜ್ಜನೇ ಒಮ್ಮೆ ಕೋಡು ಮುರಿದ ಎತ್ತು ಹೊಡಕೊಂಡು ಬಂದಿದ್ದ. ಕೇಳಿದರೆ, "ಮುರದದ್ದು ನೋಡೇ ತಂದೀನಿ" ಅಂದಿದ್ದ. ನೋಡಿ ತಂದದ್ದಕ್ಕೂ ನೋಡದೆ ತಂದದ್ದಕ್ಕೂ ಫರಕು ಇದೆ, ಹೌದಿಲ್ಲ?

"ರಾತ್ರಿ ಗಾಡಿಗೆ ಹೋದ್ರ ನಸುಕಿನ್ಯಾಗ ಹೈದರಾಬಾದ್ ಮುಟ್ತೀವಿ," ಅಂದೆ. "ಬರ್ತೀವಂತ ಫೋನ್ ಮಾಡಬ್ಯಾಡ. ಹೆಗಲ ಮ್ಯಾಲೊಂದು ಟವೆಲ್ ಇರಲಿ."